ಆಯ್ಕೆಯ ಪ್ರಶ್ನೆಯೂ ನ್ಯಾಯದ ಪ್ರಶ್ನೆಯೂ

ಸಲಿಂಗಾನುರಾಗದ ಮಾತು ಬಂದೊಡನೆ ಸಮಾಜದ ಹಿರಿಯರಲ್ಲಿ ಒಂದು ವಾದ ತಲೆಯೆತ್ತುತ್ತದೆ: ಇದು ಹುಟ್ಟಿನಿಂದ ಬಂದುದಲ್ಲ, ಅವರಾಗಿಯೇ ಆರಿಸಿಕೊಂಡುದು, ಆರಿಸಿಕೊಂಡುದನ್ನು ಬಿಡಲೂ ಬಹುದು, ಆದುದರಿಂದ ಹಕ್ಕಿನ ಮಾತೇ ಸಲ್ಲದು. ಇದಕ್ಕೆ ಉತ್ತರ ಕೊಡುವವರು, ಇದು ಜನ್ಮಜಾತವಾದುದು, ಆದುದರಿಂದಲೇ ಹಕ್ಕು ಸಲ್ಲಬೇಕು ಎನ್ನುತ್ತಾರೆ. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧ ಪಕ್ಷಗಳು. ಆದರೆ ಹಕ್ಕು ನಿಲ್ಲುವುದೂ ಬೀಳುವುದೂ ಆಯ್ಕೆಯ ಪ್ರಶ್ನೆಯ ಮೇಲೆಯೇ ಎಂಬ ಒಂದು ತಪ್ಪನ್ನು ಎರಡೂ ಸಮಾನವಾಗಿ ಒಪ್ಪಿವೆ. ಆ ತಪ್ಪನ್ನು ತಿದ್ದಿಕೊಳ್ಳಲು ಜೈನ ಸಮಾಜಕ್ಕೆ ಅನ್ಯರ ಉಪದೇಶ ಬೇಕಿಲ್ಲ. ಅದರ ಶಾಸ್ತ್ರವೂ ಅದರ ಈಚಿನ ಅನುಭವವೂ ಸಾಕು.

ಮೊದಲು ಕಾನೂನಿನ ಸಂಗತಿ. ಬ್ರಿಟಿಷರು 1860ರಲ್ಲಿ ರೂಪಿಸಿದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು, ನಿಸರ್ಗಕ್ರಮಕ್ಕೆ ವಿರುದ್ಧವೆಂದು ಅದು ಕರೆದ ದೈಹಿಕ ಸಂಬಂಧಕ್ಕೆ ಜೀವಾವಧಿಯವರೆಗಿನ ಶಿಕ್ಷೆಯನ್ನು ವಿಧಿಸಿತ್ತು. ಸಮ್ಮತಿಯುಳ್ಳ ವಯಸ್ಕರಿಗೆ ಅದು ಅನ್ವಯಿಸದೆಂದು ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಅಪರಾಧವನ್ನು ರದ್ದುಗೊಳಿಸಿತು. ವಿವಾಹದ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಮಾನ್ಯಮಾಡದೆ ಶಾಸಕಾಂಗದ ವಿವೇಚನೆಗೆ ಬಿಟ್ಟಿತು. ಹೀಗಾಗಿ ಸೆರೆಮನೆಯ ಭಯ ನೀಗಿದ್ದರೂ ವಾದ ಮುಗಿದಿಲ್ಲ.

ಇನ್ನು ಆಯ್ಕೆಯ ಸಂಗತಿ. ತನ್ನ ಮನಸ್ಸು ಯಾರತ್ತ ಒಲಿಯಬೇಕೆಂದು ಯಾವ ಗೃಹಸ್ಥನೂ ಒಂದು ದಿನ ಕುಳಿತು ನಿರ್ಧರಿಸಿದವನಲ್ಲ. ವಿಜ್ಞಾನವಾದರೂ ಇದಕ್ಕೆ ಒಂದೇ ಕಾರಣವನ್ನು ತೋರಿಸಿಲ್ಲ. ಸುಮಾರು 4,77,000 ಜನರ ವಂಶವಾಹಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಇದನ್ನು ನಿರ್ಧರಿಸುವ ಒಂಟಿ ವಂಶವಾಹಿ ಇಲ್ಲವೆಂದೂ, ಅಲ್ಪ ಪ್ರಭಾವದ ಅನೇಕ ಅಂಶಗಳು ಸೇರಿವೆಯೆಂದೂ ಹೇಳಿತು. ಕಾರಣಗಳು ಹಲವು ಎಂಬುದರಿಂದ ಅದು ಇಚ್ಛೆಯ ಆಟವೆಂದು ಸಿದ್ಧವಾಗುವುದಿಲ್ಲ.

ಜೈನಾಗಮಕ್ಕೆ ಈ ವಿಚಾರ ಹೊಸತೂ ಅಲ್ಲ. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಕಡೆಸಿದ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ವೇದಮಾರ್ಗಣೆಯನ್ನು ನಿರೂಪಿಸಿದ್ದಾರೆ. ದೇಹದ ಚಿಹ್ನೆ ದ್ರವ್ಯವೇದ. ಅಂತರಂಗದ ಅಭಿಲಾಷೆ ಭಾವವೇದ. ಮೊದಲನೆಯದಕ್ಕೆ ನಾಮಕರ್ಮ ಕಾರಣ, ಎರಡನೆಯದಕ್ಕೆ ಮೋಹನೀಯ ಕರ್ಮದ ಉದಯ ಕಾರಣ. ಇವೆರಡೂ ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ, ಕೆಲವೆಡೆ ಭಿನ್ನವಾಗಿರುತ್ತವೆ ಎಂದು ಆಚಾರ್ಯರೇ ಹೇಳಿದ್ದಾರೆ. ಸಾವಿರ ವರ್ಷಗಳ ಹಿಂದೆ ಸಿದ್ಧಾಂತವು ಒಪ್ಪಿದ ವೈಷಮ್ಯವನ್ನು ಇಂದಿನ ಶ್ರಾವಕನು ಪಾಶ್ಚಾತ್ಯರ ಚಪಲವೆಂದು ಜರೆಯುವುದು ಶಾಸ್ತ್ರಾಭ್ಯಾಸದ ಲಕ್ಷಣವಲ್ಲ.

ಹಾಗಾದರೆ ಅದು ಆಯ್ಕೆಯಲ್ಲವೆಂದೇ ಹಕ್ಕು ಸಲ್ಲುವುದೇ? ಅದೂ ಅಲ್ಲ. ವಾದಕ್ಕಾಗಿ ಅದು ಪೂರ್ಣವಾಗಿ ಆಯ್ಕೆಯೇ ಎಂದಿಟ್ಟುಕೊಂಡರೂ ನಿರ್ಣಯ ಬದಲಾಗದು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ದೇಶದುದ್ದಕ್ಕೂ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆಗ ಸಮಾಜ ಮಂಡಿಸಿದ ಸಮರ್ಥನೆ ಏನು? ಸಲ್ಲೇಖನವು ಬಲಾತ್ಕಾರವಲ್ಲ, ವಿವೇಕಿಯಾದ ವಯಸ್ಕನು ಸ್ವ-ಇಚ್ಛೆಯಿಂದ ಸ್ವೀಕರಿಸುವ ವ್ರತ. ಅದರಿಂದ ಅನ್ಯರಿಗೆ ಬಾಧೆಯಿಲ್ಲ. ಆದುದರಿಂದ ದಂಡ ಸಂಹಿತೆಗೆ ಅಲ್ಲಿ ಪ್ರವೇಶವಿಲ್ಲ ಎಂದು. ಅಲ್ಲಿ ಆಯ್ಕೆಯೇ ಹಕ್ಕಿಗೆ ಬಲವಾಗಿತ್ತು. ತನ್ನ ವ್ರತಕ್ಕೆ ಆಯ್ಕೆಯನ್ನು ರಕ್ಷೆಯಾಗಿ ಹಿಡಿದವರು ನೆರೆಯವನ ಬಾಳಿಗೆ ಅದೇ ಆಯ್ಕೆಯನ್ನು ಕುತ್ತಾಗಿ ಹಿಡಿಯುವುದು ಯಾವ ನ್ಯಾಯ? ವ್ರತವೂ ಒಲವೂ ಒಂದೇ ಎಂದು ಇಲ್ಲಿ ಹೇಳುತ್ತಿಲ್ಲ. ಕೇಳಿದ ನ್ಯಾಯವೂ ಕೊಡುವ ನ್ಯಾಯವೂ ಒಂದೇ ಆಗಿರಬೇಕು ಎಂದಷ್ಟೇ ಹೇಳುತ್ತಿದೆ.

ಜನ್ಮಜಾತವೆಂಬುದು ತಾನಾಗಿ ಯಾರನ್ನೂ ಕಾಪಾಡಿಲ್ಲ ಎಂಬುದನ್ನೂ ನೆನೆಯಬೇಕು. ಅಸ್ಪೃಶ್ಯತೆ ನಡೆದು ಬಂದುದು ಹುಟ್ಟಿನ ಹೆಸರಿನಲ್ಲಿಯೇ. ಇತ್ತ ಮತಧರ್ಮವನ್ನು ಬದಲಿಸಿಕೊಳ್ಳಬಹುದಾದರೂ ಸಂವಿಧಾನದ 25ನೆಯ ವಿಧಿ ಅದನ್ನು ರಕ್ಷಿಸುತ್ತದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತಾಗ, ಜೈನತ್ವವು ರಕ್ತದಲ್ಲಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ.

ಕಾಮವು ಬಂಧಹೇತುವಲ್ಲವೇ, ಬ್ರಹ್ಮಚರ್ಯವೇ ಶ್ರೇಷ್ಠವಲ್ಲವೇ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಪುಂವೇದವನ್ನು ಹುಲ್ಲಿನ ಬೆಂಕಿಗೂ, ಸ್ತ್ರೀವೇದವನ್ನು ಬೆರಣಿಯ ಬೆಂಕಿಗೂ, ನಪುಂಸಕವೇದವನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೂ ಹೋಲಿಸಿದ ಶಾಸ್ತ್ರವು ಮೂರನ್ನೂ ಬೆಂಕಿಯೆಂದೇ ಕರೆದಿದೆ. ಉರಿಯ ಪರಿ ಬೇರೆಯಾಗಿರಬಹುದು, ಒಂದನ್ನೂ ತಣ್ಣೀರೆಂದು ಕರೆದಿಲ್ಲ. ಪತ್ನಿಯೊಡನೆ ಬಾಳುವ ಗೃಹಸ್ಥನಲ್ಲಿಯೂ ಅದೇ ಮೋಹನೀಯದ ಉದಯವಿದೆ. ಅವನಿಗೆ ಅಣುವ್ರತದ ಅವಕಾಶ, ಇನ್ನೊಬ್ಬನಿಗೆ ತಿರಸ್ಕಾರ ಎಂಬುದು ವೈರಾಗ್ಯವಲ್ಲ, ಪಕ್ಷಪಾತ. ಅಲ್ಲದೆ ವ್ರತವು ಸ್ವೀಕರಿಸಿದವನಿಗೆ ಮಾತ್ರ ಅನ್ವಯಿಸುವಂಥದು. ಪೊಲೀಸರ ಬಲದಿಂದ ಪಾಲಿಸಿದ ವ್ರತಕ್ಕೆ ಸಕಾಮ ನಿರ್ಜರೆಯ ಫಲವಿಲ್ಲ.

ನಿಜವಾದ ಹಿಂಸೆ ನಡೆಯುತ್ತಿರುವುದು ಮನೆಗಳೊಳಗೆ. ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆ ಎಂದು ಮಗನನ್ನು ಒತ್ತಾಯಿಸಿ ಹಸೆಮಣೆಯ ಮೇಲೆ ಕೂರಿಸಿದಾಗ ಅವನ ಬಾಳಷ್ಟೇ ಅಲ್ಲ, ಏನೂ ಅರಿಯದೆ ಬಂದ ಇನ್ನೊಂದು ಮನೆಯ ಮಗಳ ಬಾಳೂ ಬೇಯುತ್ತದೆ. ಅದು ಅಹಿಂಸೆಗೂ ಭಂಗ, ಸತ್ಯಕ್ಕೂ ಭಂಗ. ಚಿಕಿತ್ಸೆಯ ಹೆಸರಿನಲ್ಲಿ ಮನಸ್ಸನ್ನು ತಿರುಗಿಸಹೊರಡುವುದೂ ಹಿಂಸೆಯೇ. ಇದು ಕಾಯಿಲೆಯಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸ್ಪಷ್ಟಪಡಿಸಿತು. ಇಂಥ ಚಿಕಿತ್ಸೆಯನ್ನು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.

ಬಸದಿಗಳ ವಿಶ್ವಸ್ತ ಮಂಡಳಿಗಳ ಹೊಣೆಯೂ ಇಲ್ಲಿಯೇ ಇದೆ. ಅಭಿಷೇಕಕ್ಕೆ ನಿಂತವನನ್ನು, ಸ್ವಾಧ್ಯಾಯಕ್ಕೆ ಕುಳಿತವಳನ್ನು, ಅವರ ಅಂತರಂಗದ ಒಲವು ಎತ್ತಲೆಂದು ಕೇಳುವ ಅಧಿಕಾರ ಯಾವ ಮಂಡಳಿಗೂ ಇಲ್ಲ. ಪ್ರಮಾದದಿಂದ ಅನ್ಯರ ಪ್ರಾಣಕ್ಕೆ ಘಾತವಾಯಿತೇ ಎಂಬುದು ಜಿನಶಾಸನವು ಕೇಳುವ ಪ್ರಶ್ನೆ. ಆ ಪ್ರಶ್ನೆಯನ್ನು ಒಲಿದವರಿಗೆ ಹಾಕುವ ಮೊದಲು ಅವರನ್ನು ಮನೆಯಿಂದ ಹೊರಗಟ್ಟಿದವರು ತಮಗೆ ಹಾಕಿಕೊಳ್ಳಲಿ.