ಕೂಡಿಕೆಯ ವ್ಯಾಕರಣ

‘ಸಂಧಿ’ಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎರಡು ಅರ್ಥಗಳುಂಟು. ಅಕ್ಷರಗಳು ಕೂಡುವುದು ಒಂದು ಸಂಧಿ; ರಾಜ್ಯಗಳು ಒಡಂಬಡುವುದು ಇನ್ನೊಂದು ಸಂಧಿ. ನೀತಿಶಾಸ್ತ್ರಜ್ಞರು ರಾಜನ ಷಾಡ್ಗುಣ್ಯವನ್ನು ಎಣಿಸುವಾಗ ಸಂಧಿಯನ್ನೇ ಮೊದಲು ಹೇಳಿರುವರು. ಲೋಪ, ಆಗಮ, ಆದೇಶಗಳೆಂಬ ಮೂರು ಕನ್ನಡ ಸಂಧಿಗಳನ್ನು ನಾವು ಬಹುಕಾಲ ಮಕ್ಕಳಿಗೆ ಕಲಿಸಿದೆವು. ರಾಜ್ಯಗಳ ಕೂಡಿಕೆಯನ್ನು ತಿಳಿಯುವುದಕ್ಕೂ ಈ ಮೂರೇ ಸಾಕೆಂದು ನಮಗೆ ತೋರುತ್ತದೆ.

ಯೂರೋಪಿನಲ್ಲಿ ಮಾಂಟೆನೆಗ್ರೋ ಎಂಬ ಸಣ್ಣ ದೇಶವುಂಟು. ಅಲ್ಲಿಯ ಜನಸಂಖ್ಯೆ ಆರು ಲಕ್ಷದ ಆಸುಪಾಸು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜನರನ್ನು ಒಟ್ಟುಗೂಡಿಸಿದರೆ ಸರಿಸುಮಾರು ಅಷ್ಟೇ ಆದೀತು. ಅದು 2006ರಲ್ಲಿ ಜನಮತದಿಂದ ಸ್ವತಂತ್ರವಾಯಿತು. 2008ರಲ್ಲಿಯೇ ಯೂರೋಪಿನ ಒಕ್ಕೂಟಕ್ಕೆ ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಿತು. 2012ರಲ್ಲಿ ಮಾತುಕತೆ ಮೊದಲಾಗಿ, ನ್ಯಾಯಾಲಯ, ಮೀನುಗಾರಿಕೆ, ಪರಿಸರ ಎಂದು ಮೂವತ್ತಕ್ಕೂ ಮೇಲ್ಪಟ್ಟ ಅಧ್ಯಾಯಗಳಲ್ಲಿ ಅದು ಪರೀಕ್ಷೆ ಕೊಡಬೇಕಾಯಿತು. ಸ್ವಾತಂತ್ರ್ಯವನ್ನು ಪಡೆದ ಕೈಯಿಂದಲೇ ಅದರಲ್ಲಿ ಒಂದು ಪಾಲನ್ನು ಬಿಟ್ಟುಕೊಡಲು ಮುಂದಾಗುವುದು ವಿಚಿತ್ರವೆಂದು ಕೆಲವರು ಎಣಿಸಬಹುದು. ಆದರೆ ನಮ್ಮ ಮೈಸೂರು ನಡೆದ ದಾರಿಯನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ಮೈಸೂರು ಸಂಸ್ಥಾನವು ಸುಮಾರು 29 ಸಾವಿರ ಚದರ ಮೈಲಿಯ ನಾಡು. 1881ರಿಂದ ಪ್ರಜಾಪ್ರತಿನಿಧಿ ಸಭೆ, 1902ರಿಂದ ಶಿವನಸಮುದ್ರದ ವಿದ್ಯುತ್ತು, 1916ರಿಂದ ತನ್ನದೇ ವಿಶ್ವವಿದ್ಯಾನಿಲಯ, ಇವುಗಳ ಹೆಮ್ಮೆ ಅದಕ್ಕಿತ್ತು. 1947ರ ಆಗಸ್ಟ್ 9ರಂದು ಶ್ರೀ ಜಯಚಾಮರಾಜ ಒಡೆಯರವರು ಸೇರ್ಪಡೆಯ ಪತ್ರಕ್ಕೆ ಸಹಿ ಹಾಕಿದರು. ಅದರಿಂದ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ ಭಾರತಕ್ಕೆ ಸಂದವು. ಉಳಿದ ಅಧಿಕಾರವು ಅರಮನೆಯಲ್ಲಿರಬೇಕೋ ಪ್ರಜೆಗಳ ಕೈಗೆ ಬರಬೇಕೋ ಎಂಬುದು ತೀರ್ಮಾನವಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ಅಕ್ಟೋಬರ್ 25ರಂದು ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. 1949ರ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಸಾರಿದರು. ಸಂಸ್ಥಾನದ ಸೈನ್ಯವೂ ರೈಲೂ ಕೇಂದ್ರಕ್ಕೆ ಸೇರಿದವು, ಇದು ಲೋಪ. ಮಹಾರಾಜರು ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು, ಇದು ಆದೇಶ. ಆಗಮವು ಇನ್ನೂ ಬಾಕಿಯಿತ್ತು.

ಅದರ ಅಗತ್ಯವನ್ನು ಬಲ್ಲವರು ಗಡಿಯವರು. ಹೊನ್ನಾಳಿ ಸೀಮೆಯಾಚೆಯ ಹಿರೇಕೆರೂರು, ರಾಣೆಬೆನ್ನೂರುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಜಗಳೂರಿನಾಚೆಯ ಕೂಡ್ಲಿಗಿ, ಹರಪನಹಳ್ಳಿಗಳು ಮದರಾಸಿಗೆ ಸೇರಿದ್ದವು. ಮಾತು ಒಂದೇ, ಮಳೆ ಒಂದೇ, ಹೆಣ್ಣು ಕೊಟ್ಟು ತರುವ ಮನೆಗಳೂ ಅವೇ. ಸರ್ಕಾರಗಳು ಮಾತ್ರ ಬೇರೆ. ಚನ್ನಗಿರಿಯಂಥ ಒಳನಾಡಿನಲ್ಲಿ ಕುಳಿತವರಿಗೆ ಈ ತೊಡಕು ಅಷ್ಟಾಗಿ ತಟ್ಟುವಂತಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಜಗಳೂರಿನ ಪಾಲಿಗೆ ಅಂದೇ ಗಡಿ ಅಳಿಯಿತು. ಹೊನ್ನಾಳಿಯವರು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಆ ಮೂರು ವರ್ಷಗಳಲ್ಲಿ ಹಳೆಯ ಮೈಸೂರಿನೊಳಗೆ ಬಲವಾದ ವಿರೋಧವಿತ್ತು. ನಮ್ಮ ಉಳಿತಾಯವು ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋದೀತು, ಸಭೆಯಲ್ಲಿ ನಮ್ಮ ಕೈ ಕೆಳಗಾದೀತು, ಕೋಮುಗಳ ಬಲಾಬಲ ಏರುಪೇರಾದೀತು ಎಂದು ಅಂಜಿದವರು ಅನೇಕರು. ಆ ಅಂಜಿಕೆಯನ್ನು ಹುಸಿಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ಹಂಚಿಕೊಳ್ಳುವವನ ಪಾಲು ಮೊದಲಿಗೆ ಕಿರಿದಾಗುವುದು ಸಹಜವೇ. ಹಾಗಿದ್ದೂ ಹಳೆಯ ಮೈಸೂರಿನವರೇ ಆದ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ವಿಶಾಲ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಲುವಾಗಿಲಿನಲ್ಲಿ, ವಕೀಲಿ ನಡೆಸಿದ್ದು ಮೈಸೂರಿಗೆ ಸೇರಿದ ಚಿತ್ರದುರ್ಗದಲ್ಲಿ. ಗಡಿಯ ಎರಡೂ ಬದಿಯನ್ನು ಬಲ್ಲವರೇ ಗಡಿಯಿಲ್ಲದ ನಾಡಿಗೆ ಮುಖ್ಯರಾದರು.

ಹೀಗೆ ಆಗಮವೂ ಆಯಿತು. ಕಡಲ ತೀರ ಬಂದಿತು, ಕೃಷ್ಣೆ ಭೀಮೆಯರು ಬಂದರು. ರಾಜ್ಯ ಸುಮಾರು 74 ಸಾವಿರ ಚದರ ಮೈಲಿಯಾಗಿ 19 ಜಿಲ್ಲೆಗಳಾದವು. ಹೆಸರಿನ ಆದೇಶಕ್ಕೆ ಮಾತ್ರ 1973ರ ನವೆಂಬರ್ 1ರವರೆಗೆ, ಹದಿನೇಳು ವರ್ಷ ಬೇಕಾಯಿತು. ಹಳೆಯ ಹೆಸರನ್ನು ಬಿಡುವುದು ಹಳೆಯ ಅಧಿಕಾರವನ್ನು ಬಿಡುವುದಕ್ಕಿಂತ ಕಠಿಣವೆಂಬುದಕ್ಕೆ ಇದೇ ಸಾಕ್ಷಿ.

ಕೂಡಿಕೆಯ ಕೆಲಸ ಸಹಿಯಿಂದಲೇ ಮುಗಿಯಲಿಲ್ಲ. ಕಾಸರಗೋಡು ಹೊರಗುಳಿಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ವರದಿ ಕೊಟ್ಟಿತು. ಅವುಗಳಲ್ಲಿ ಹಳೆಯ ಮೈಸೂರಿನವೂ ಇದ್ದವು. ಹೈದರಾಬಾದು ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಆಸರೆ ದೊರೆತದ್ದು ಏಕೀಕರಣವಾಗಿ ಐವತ್ತಕ್ಕೂ ಹೆಚ್ಚು ವರ್ಷಗಳು ಸಂದ ಮೇಲೆ.

ಲೋಪಸಂಧಿಗೆ ವ್ಯಾಕರಣವು ಒಂದು ಕಟ್ಟು ಹಾಕಿದೆ. ಸ್ವರವನ್ನು ಬಿಡಬಹುದು, ಆದರೆ ಅರ್ಥ ಕೆಡದಂತಿದ್ದರೆ ಮಾತ್ರ. ಕೆಡುವಂತಿದ್ದರೆ ಲೋಪ ಸಲ್ಲದು. ಕೂಡುವ ರಾಜ್ಯಗಳಿಗೂ ಇದೇ ಕಟ್ಟು ತಕ್ಕದ್ದು. ಮೈಸೂರು ತನ್ನ ಸೈನ್ಯವನ್ನು ಬಿಟ್ಟಿತು, ರೈಲನ್ನು ಬಿಟ್ಟಿತು, ಕಡೆಗೆ ಹೆಸರನ್ನೂ ಬಿಟ್ಟಿತು. ಮಾತನ್ನು ಬಿಡಲಿಲ್ಲ, ಶಾಲೆಯನ್ನು ಬಿಡಲಿಲ್ಲ, ಪ್ರಜೆಯ ಮತಕ್ಕೆ ಬೆಲೆ ಹೆಚ್ಚಿತೇ ಹೊರತು ಕುಂದಲಿಲ್ಲ. ದೂರದ ಸಣ್ಣ ದೇಶಗಳು ಇಂಥ ಬಾಗಿಲಲ್ಲಿ ನಿಂತಿವೆಯೆಂದು ಪತ್ರಿಕೆಯಲ್ಲಿ ಓದಿದಾಗ, ಅವು ಏನನ್ನು ಬಿಡುತ್ತಿವೆ, ಏನನ್ನು ಉಳಿಸಿಕೊಳ್ಳುತ್ತಿವೆ ಎಂದು ವಾಚಕರು ಮನೆಯ ಮಕ್ಕಳನ್ನು ಕೇಳಬೇಕು. ತುಂಗಭದ್ರೆಯಾಚೆಯ ಬಂಧುಗಳು ಒಂದು ಕಾಲಕ್ಕೆ ಬೇರೆ ಸರ್ಕಾರದವರಾಗಿದ್ದರೆಂಬುದನ್ನೂ ಅದೇ ಹೊತ್ತಿನಲ್ಲಿ ತಿಳಿಸಬೇಕು.