ಮನೆವಾರ್ತೆ: ಹೊಗೆಗೆ ತಕ್ಕ ಹಾದಿ

ಬೆಳಗಿನ ಜಾವ ಬಚ್ಚಲ ಒಲೆಗೆ ಉರಿ ಬೀಳುವುದರೊಡನೆ ನಮ್ಮ ಅನೇಕ ಮನೆಗಳ ದಿನಚರಿ ಮೊದಲಾಗುತ್ತದೆ. ಸ್ನಾನ, ಪೂಜೆ, ಆನಂತರವೇ ಉಳಿದ ಕಾರ್ಯ. ಅಡುಗೆಮನೆಗೆ ಅನಿಲದ ಸಿಲಿಂಡರು ಬಂದು ಎಷ್ಟೋ ವರ್ಷಗಳಾದರೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬಹಳಷ್ಟು ಮನೆಗಳಲ್ಲಿ ನೀರು ಕಾಯುವ ಹಂಡೆ ಸೌದೆಯನ್ನು ಬಿಟ್ಟಿಲ್ಲ. ತೋಟದಲ್ಲಿ ಬೀಳುವ ತೆಂಗಿನ ಗರಿ, ಮಟ್ಟೆ, ಹುಳುವಿಗೆ ಸೊಪ್ಪು ಕೊಟ್ಟು ಉಳಿದ ಹಿಪ್ಪುನೇರಳೆ ಕಡ್ಡಿ ಇವೆಲ್ಲ ಕೈಗೆಟಕುವಾಗ ಬಿಡುವವರಾದರೂ ಯಾರು? ಬಿಡಬೇಕೆಂದು ಹೇಳುವುದು ಈ ಬರಹದ ಉದ್ದೇಶವೂ ಅಲ್ಲ. ಆದರೆ ಉರಿಯನ್ನು ಮನೆಯೊಳಗೆ ಕರೆದ ಮೇಲೆ ಅದರ ಹೊಗೆಯನ್ನು ಕ್ಷೇಮವಾಗಿ ಹೊರಗೆ ಕಳುಹಿಸಿಕೊಡುವ ಹೊಣೆಯೂ ನಮ್ಮದೇ ಆಗುತ್ತದೆ.

ಮಾಗಡಿಯ ಕಡೆಯ ನಮ್ಮ ಬಂಧುಗಳೊಬ್ಬರು ಕೆಲವು ವರ್ಷಗಳ ಹಿಂದೆ ಹೊಸ ಮನೆ ಕಟ್ಟಿಸಿದರು. ತೇಗದ ಬಾಗಿಲು, ನುಣುಪಾದ ಕಲ್ಲಿನ ನೆಲ, ಅಂದವಾದ ದೇವರ ಮನೆ, ಯಾವುದಕ್ಕೂ ಕೊರತೆಯಿರಲಿಲ್ಲ. ಹಂಡೆಯ ಒಲೆಗೆ ಮಾತ್ರ ಉಳಿದುಬಿದ್ದಿದ್ದ ತೆಳು ತಗಡನ್ನು ಸುತ್ತಿ ಕೊಳವೆ ಮಾಡಿ, ಗೋಡೆಯ ತೂತಿನಿಂದ ಹೊರಕ್ಕೆ ಇಳಿಬಿಟ್ಟಿದ್ದರು. ಮೂರನೆಯ ಮಳೆಗಾಲದ ಹೊತ್ತಿಗೆ ಆ ತಗಡು ಜರಡಿಯಾಯಿತು. ಮನೆಯ ಹಿರಿಯ ತಾಯಿಗೆ ಕೆಮ್ಮು ಹತ್ತಿತು. ವಯಸ್ಸಿನ ಕಾಯಿಲೆಯೆಂದು ಎಲ್ಲರೂ ಸುಮ್ಮನಾದರು. ಒಂದು ಚಳಿಯ ಬೆಳಗ್ಗೆ ಸ್ನಾನಕ್ಕೆ ಹೋದ ಸೊಸೆ ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲು ತೆಗೆಸಿ ನೋಡಿದರೆ ಆಕೆ ಗೋಡೆಗೊರಗಿ, ತಲೆ ಸುತ್ತಿ, ಮಾತು ಹೊರಡದೆ ಕುಳಿತಿದ್ದಳು. ಹೊರಗಿನ ಗಾಳಿಗೆ ಕರೆತಂದು ವೈದ್ಯರಲ್ಲಿಗೆ ಒಯ್ದುದರಿಂದ ಬದುಕಿಕೊಂಡಳು. ಕೊಳವೆಯನ್ನು ಕಿತ್ತು ನೋಡಿದಾಗ ಅದರ ಬಾಯಿಯಲ್ಲಿ ಅಳಿಲು ಗೂಡು ಕಟ್ಟಿತ್ತು. ಆ ಹಿರಿಯ ತಾಯಿ ನನ್ನೊಡನೆ ಆಡಿದ ಮಾತು ಇಂದಿಗೂ ನೆನಪಿದೆ: “ಬಾಗಿಲಿಗೆ ಕೊಟ್ಟ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಈ ಕೊಳವೆಗೆ ಕೊಟ್ಟಿದ್ದರೆ ಸಾಕಾಗಿತ್ತಲ್ಲಪ್ಪ.”

ಇಂತಹ ಸಂದರ್ಭಗಳಲ್ಲಿ ಅಪಾಯವನ್ನು ತರುವುದು ಕಣ್ಣಿಗೆ ಕಾಣುವ ಹೊಗೆಯಷ್ಟೇ ಅಲ್ಲ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವು ಕೂರಬೇಕಾದ ಸ್ಥಾನವನ್ನು ಅದು ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಆಕ್ರಮಿಸುತ್ತದೆ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಹೊಗೆಯ ಹಾದಿ ಕಟ್ಟಿದರೆ ಆಗುವ ಅನರ್ಥ ಇದೇ. ಇನ್ನು ನಿತ್ಯದ ಹೊಗೆ ನಿಧಾನವಾಗಿ ಕೊಲ್ಲುತ್ತದೆ. ಮನೆಯೊಳಗಿನ ಹೊಗೆಯ ಕಾರಣದಿಂದ ೨೦೨೦ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ತಾಯಂದಿರು. ಅವರ ಮಡಿಲಲ್ಲಿರುವವರು ಮಕ್ಕಳು. ಈ ಹೊಗೆಯ ಫಲವನ್ನು ಯಾರು ಉಣ್ಣುತ್ತಿದ್ದಾರೆಂದು ಬೇರೆ ಹೇಳಬೇಕಿಲ್ಲ.

ಈ ಕಷ್ಟವನ್ನು ವಿದ್ವಾಂಸರು ಅರಿಯದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳ್ತನದಲ್ಲಿ ಗ್ರಾಮಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಮಾಗಡಿಗೆ ನೆರೆಯದಾದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ೧೯೮೦ರ ದಶಕದಲ್ಲಿ ನಾಡಿನ ಮನೆಮಾತಾದ ಮೂರು ಬಾಯಿಯ ‘ಅಸ್ತ್ರ ಒಲೆ’ ಈ ಪ್ರಯತ್ನದ ಫಲ. ಅದೇ ದಶಕದಲ್ಲಿ ಕೇಂದ್ರ ಸರ್ಕಾರ ಕೈಗೊಂಡು ೨೦೦೨ರವರೆಗೆ ನಡೆಸಿದ ಸುಧಾರಿತ ಒಲೆಗಳ ಯೋಜನೆಯಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳು ಸ್ಥಾಪನೆಯಾದವು. ಆದರೆ ಅವುಗಳಲ್ಲಿ ಅನೇಕ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕೊಳವೆ ಒಡೆಯಿತು, ಮಸಿ ಕಟ್ಟಿತು, ತೆಗೆಯುವವರಿಲ್ಲದೆ ಹೋಯಿತು. ಒಲೆ ಎಷ್ಟೇ ಜಾಣತನದ್ದಾದರೂ ಹೊಗೆಯ ಹಾದಿ ಕೆಟ್ಟರೆ ಅದು ಮತ್ತೆ ಹಳೆಯ ಒಲೆಯೇ ಆಗುತ್ತದೆಂಬ ಪಾಠವನ್ನು ನಾವು ಇದರಿಂದ ಕಲಿಯಬೇಕು.

ಹೊಗೆ ತಾನಾಗಿ ಏಕೆ ಮೇಲೇರುತ್ತದೆ? ಬಿಸಿಯಾದ ಗಾಳಿ ಹಗುರ. ಕೊಳವೆ ನೆಟ್ಟಗೆ, ಎತ್ತರವಾಗಿ, ಒಳಗೆ ಬೆಚ್ಚಗೆ ಇದ್ದಷ್ಟೂ ಅದರ ಎಳೆತ ಹೆಚ್ಚು. ಹಳೆಯ ಮನೆಗಳ ಇಟ್ಟಿಗೆಯ ಹೊಗೆಗೂಡು ಬಹಳ ಅಗಲ, ಒಳಗೆ ಒರಟು. ಅಲ್ಲಿ ಹೊಗೆ ತಣಿದು, ತಣಿದಲ್ಲಿ ಕಪ್ಪು ಜಿಡ್ಡಾಗಿ ಗೋಡೆಗೆ ಹತ್ತುತ್ತದೆ. ಆ ಜಿಡ್ಡು ಗಾರೆಯ ಸಂದುಗಳನ್ನು ತಿಂದು ಗೋಡೆಯ ಈಚೆಗೆ ಒಸರುತ್ತದೆ. ಒಮ್ಮೊಮ್ಮೆ ತಾನೇ ಹೊತ್ತಿಕೊಂಡು ಜಂತೆ, ತೊಲೆಗಳಿಗೆ ಬೆಂಕಿ ಮುಟ್ಟಿಸುತ್ತದೆ. ಆದುದರಿಂದಲೇ ಹಳೆಯ ಹೊಗೆಗೂಡನ್ನು ಕೆಡವದೆ, ಅದರೊಳಗೆ ಅಳತೆಗೆ ತಕ್ಕ ಸ್ಟೈನ್‌ಲೆಸ್ ಸ್ಟೀಲಿನ ಕೊಳವೆಯನ್ನು ಇಳಿಸುವ ಪದ್ಧತಿ ಚಳಿದೇಶಗಳಲ್ಲಿ ರೂಢಿಗೆ ಬಂದಿದೆ. ಹೊಗೆಗೂಡೇ ಇಲ್ಲದ ಹೊಸ ಮನೆಯಲ್ಲಿ ಅದೇ ಕೊಳವೆಯನ್ನು ನೇರವಾಗಿ ನಿಲ್ಲಿಸಬಹುದು.

ನಮ್ಮಲ್ಲಿ ಬಹುಕಾಲ ಬಳಸಿದ ಕಲ್ನಾರಿನ ಕೊಳವೆ ಶಾಖಕ್ಕೆ ಸೀಳುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು. ಹಳೆಯದನ್ನು ತೆಗೆಸುವಾಗ ಒಡೆಯದೆ, ಗರಗಸ ಹಾಕದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಸತುವು ಬಳಿದ ತಗಡನ್ನು ಹೊಗೆಯ ಆಮ್ಲ ತಿನ್ನುತ್ತದೆ. ಸ್ಟೈನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟಿ ಲೋಹವನ್ನು ಕಾಯುತ್ತದೆ. ೩೦೪ ಎಂಬ ದರ್ಜೆಯಲ್ಲಿ ಶೇಕಡಾ ಸುಮಾರು ೧೮ರಷ್ಟು ಕ್ರೋಮಿಯಂ, ೮ರಷ್ಟು ನಿಕ್ಕಲ್ ಇರುತ್ತದೆ. ೩೧೬ ಎಂಬುದರಲ್ಲಿ ಮಾಲಿಬ್ಡಿನಂ ಸೇರಿ, ಆಮ್ಲವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಪೇಟೆಯಲ್ಲಿ ೨೦೨ ಎಂಬ ಅಗ್ಗದ ದರ್ಜೆಯೂ ಉಂಟು. ನೋಡಲು ಅದೇ ಹೊಳಪು, ಬಾಳಿಕೆ ಮಾತ್ರ ಕಡಿಮೆ. ಅಯಸ್ಕಾಂತ ಹಿಡಿದು ನೋಡಿದರೂ ಇವುಗಳ ಭೇದ ತಿಳಿಯದು. ಆದುದರಿಂದ ದರ್ಜೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಲೇಸು.

ಉತ್ತಮ ಲೋಹವನ್ನು ಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೊಳವೆ ಕೂರಿಸುವುದೊಂದು ಕಸುಬು; ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ಮನೆಯವರೂ ಕೆಲವು ಅಂಶಗಳನ್ನು ತಿಳಿದಿದ್ದರೆ ಕೆಲಸ ನೇರ್ಪಾಗುತ್ತದೆ. ಕೊಳವೆಯ ಅಗಲ ಒಲೆಯ ಹೊಗೆಬಾಯಿಗಿಂತ ಕಿರಿದಾಗಬಾರದು. ಅಡ್ಡಡ್ಡ ಓಟ, ಮೂಲೆಮಟ್ಟದ ತಿರುವು ಇರಬಾರದು. ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಮಳೆನೀರನ್ನು ನೆನೆದು ಅನೇಕರು ಇದನ್ನು ತಿರುವುಮುರುವು ಮಾಡುತ್ತಾರೆ, ಆಗ ಜಿಡ್ಡು ಸಂದಿನಿಂದ ಹೊರಗೆ ಸುರಿಯುತ್ತದೆ. ಒಂಟಿ ಪದರದ ಕೊಳವೆಗೂ ಮರದ ಜಂತೆಗೂ ನಡುವೆ ಒಂದೂವರೆ ಅಡಿ ಅಂತರವಿರಲಿ. ಚಾವಣಿಯನ್ನು ದಾಟುವಲ್ಲಿ ಸಿಮೆಂಟಿನಿಂದ ಬಿಗಿಯಬಾರದು. ಹತ್ತು ಅಡಿಯ ಉಕ್ಕಿನ ಕೊಳವೆ ಇನ್ನೂರು ಡಿಗ್ರಿ ಹೆಚ್ಚು ಕಾದರೆ ಸುಮಾರು ೧೦ ಮಿ.ಮೀ. ಬೆಳೆಯುತ್ತದೆ; ಬೆಳೆಯಲು ಎಡೆಯಿಲ್ಲದಿದ್ದರೆ ಚಾವಣಿ ಬಿರುಕು ಬಿಡುತ್ತದೆ. ಸುತ್ತ ಅಗಲವಾದ ಬಳೆಯನ್ನಿಟ್ಟು, ಶಾಖ ತಡೆಯುವ ರಾಕ್‌ವೂಲ್ ತುಂಬಿ, ಮೇಲೆ ಮಳೆತಡೆ ಕೂರಿಸಬೇಕು. ಕೊಳವೆಯ ತುದಿ ಚಾವಣಿಯಿಂದ ಮೂರು ಅಡಿಯಾದರೂ ಮೇಲಿರಲಿ. ಹತ್ತು ಅಡಿಯೊಳಗಿನ ಗೋಡೆ, ನೀರಿನ ತೊಟ್ಟಿಗಳಿಗಿಂತ ಎರಡು ಅಡಿ ಎತ್ತರವಾಗಿರಲಿ. ತುದಿಗೆ ಟೋಪಿ, ಹಕ್ಕಿ ಅಳಿಲುಗಳು ನುಗ್ಗದಂತೆ ಜಾಲರಿ, ಬುಡದಲ್ಲಿ ಮಸಿ ತೆಗೆಯಲು ಮುಚ್ಚಳ ಇವಿಷ್ಟೂ ಅಗತ್ಯ. ಕೆಲಸ ಮುಗಿದ ದಿನವೇ ಹಸಿ ತೆಂಗಿನ ನಾರನ್ನು ಹೊಗೆಯಾಡಿಸಿ, ಸಂದುಗಳಲ್ಲಿ ಹೊಗೆ ಸೋರುವುದೇ ಎಂದು ನೋಡಿ, ಆಮೇಲೆ ಕೂಲಿ ಕೊಡಬಹುದು.

ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಕೂರಿಸುವ ವಿದ್ಯುತ್ ಚಿಮಣಿಯ ಕೊಳವೆಯನ್ನು ಇದಕ್ಕೆ ಜೋಡಿಸಬಾರದು. ಒಂದರ ಹೊಗೆ ಇನ್ನೊಂದರಿಂದ ಮನೆಯೊಳಕ್ಕೆ ಬಂದೀತು.

ರಾಮನಗರವೆಂದರೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುತ್ತದೆ. ನೂಲು ಬಿಚ್ಚುವ ಕುಟುಂಬಗಳಲ್ಲಿ ಕೆಲವೆಡೆ ಮನೆಯೂ ಕಾರ್ಖಾನೆಯೂ ಒಂದೇ ಸೂರಿನಡಿ ಇರುತ್ತವೆ. ಗೂಡು ಬೇಯಿಸುವ ನೀರಿಗಾಗಿ ಗಂಟೆಗಟ್ಟಲೆ ಒಲೆ ಉರಿಯುತ್ತಿರಬೇಕು. ಬಚ್ಚಲ ಒಲೆಯ ಕೊಳವೆಯನ್ನು ವರ್ಷಕ್ಕೆರಡು ಬಾರಿ, ಮಳೆಗಾಲದ ಮೊದಲೊಮ್ಮೆ, ಚಳಿಗಾಲದ ಮೊದಲೊಮ್ಮೆ ಶುಚಿ ಮಾಡಿದರೆ ಸಾಲಬಹುದು. ನೂಲಿನ ಒಲೆಗೆ ಅದು ಸಾಲದು, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಬೇಕು. ಕಬ್ಬಿಣದ ತಂತಿಯ ಕುಂಚದಿಂದ ಉಜ್ಜಿದರೆ ಅದರ ಕಣಗಳು ಉಳಿದು ಉಕ್ಕಿಗೂ ತುಕ್ಕು ಅಂಟುತ್ತದೆ. ಸ್ಟೀಲ್ ತಂತಿಯ ಅಥವಾ ನೈಲಾನ್ ಕುಂಚವೇ ತಕ್ಕುದು. ಕೊಳವೆ ಎಷ್ಟೇ ಚೆನ್ನಾಗಿದ್ದರೂ ಬಚ್ಚಲಿಗೊಂದು ಗವಾಕ್ಷಿ ಸದಾ ತೆರೆದಿರಬೇಕು; ಒಳಗೆ ಬರುವ ಗಾಳಿಯಿಲ್ಲದೆ ಹೊರಗೆ ಹೋಗುವ ಹೊಗೆಯಿಲ್ಲ.

ಮಾಗಡಿಯ ಆ ಮನೆಯಲ್ಲಿ ಈಗ ೩೦೪ ದರ್ಜೆಯ ಕೊಳವೆ ನೆಟ್ಟಗೆ ನಿಂತಿದೆ. ಕಳೆದ ಸಲ ಹೋಗಿದ್ದಾಗ ಬಚ್ಚಲ ಗೋಡೆ ಸುಣ್ಣದ ಬಿಳುಪಿನಲ್ಲಿತ್ತು. ಹಿರಿಯ ತಾಯಿಯ ಕೆಮ್ಮು ಪೂರ್ತಿ ಹೋಗಿಲ್ಲ; ಹಳೆಯ ಹೊಗೆ ಎದೆಯಿಂದ ಅಷ್ಟು ಬೇಗ ಇಳಿಯುವುದಿಲ್ಲವಂತೆ. ಸೊಸೆ ಮಾತ್ರ ಈಗ ಒಲೆಗೆ ಸೌದೆಯಿಡುವ ಮುನ್ನ ಅಂಗಳಕ್ಕೆ ಬಂದು ಒಮ್ಮೆ ತಲೆಯೆತ್ತಿ ಕೊಳವೆಯ ತುದಿಯನ್ನು ನೋಡುತ್ತಾಳೆ. ಓದುಗ ಬಂಧುಗಳೂ ನಾಳೆ ಬೆಳಗ್ಗೆ ಹಂಡೆಗೆ ಉರಿ ಹಾಕಿದ ಮೇಲೆ ಅಂಗಳಕ್ಕೆ ಬಂದು ಹಾಗೆಯೇ ಒಮ್ಮೆ ನೋಡಲಿ. ಹೊಗೆ ಕೊಳವೆಯ ತುದಿಯಿಂದ ಏಳದೆ ಸೂರಿನಡಿಯಿಂದ, ಹೆಂಚಿನ ಸಂದಿನಿಂದ ಏಳುತ್ತಿದ್ದರೆ, ಮುಂದಿನ ಖರ್ಚು ಯಾವುದೆಂದು ನಿರ್ಧರಿಸಲು ಬೇರೆ ಸಲಹೆ ಬೇಕಿಲ್ಲ.