ಲಾವಂಚದ ತಾಳ್ಮೆ

ಸುಗಂಧದ ಅಂಗಡಿಗೆ ಹೋದವರು ಸಾಮಾನ್ಯವಾಗಿ ಮಾಡುವುದಿಷ್ಟೆ: ಸೀಸೆಯ ಮುಚ್ಚಳ ತೆಗೆದು ಒಮ್ಮೆ ಮೂಸಿ, ಹುಬ್ಬೇರಿಸಿ, ಹಣವೆಣಿಸಿ ಹೊರಡುವುದು. ಭಾವಚಿತ್ರವೊಂದನ್ನೇ ನೋಡಿ ವರನನ್ನು ಗೊತ್ತುಮಾಡಿದಂತೆ! ನಿಂಬೆ, ಕಿತ್ತಳೆಗಳ ಪರಿಮಳಕ್ಕೆ ಈ ಪರೀಕ್ಷೆ ಸಾಕು. ಅವುಗಳ ಸೊಗಸೆಲ್ಲ ಮೊದಲ ಕೆಲವು ನಿಮಿಷಗಳಲ್ಲಿಯೇ ಮುಗಿಯುವಂಥದು. ಆದರೆ ಲಾವಂಚವನ್ನು ಹೀಗೆ ಪರೀಕ್ಷಿಸಿದವರು ಅದನ್ನು ಅರಿತಂತೆ ಆಗಲಿಲ್ಲ.

ಲಾವಂಚ ನಮಗೆ ಹೊಸತಲ್ಲ. ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ, ಬೇಸಗೆಯ ಹೂಜಿಯ ನೀರಿನಲ್ಲಿ ಅದನ್ನು ಕಂಡವರೇ ನಾವೆಲ್ಲ. ಸಂಸ್ಕೃತದಲ್ಲಿ ಅದರ ಹೆಸರು ಉಶೀರ. ಶಾಕುಂತಲದ ಮೂರನೆಯ ಅಂಕದ ಆರಂಭದಲ್ಲಿ ಪ್ರಿಯಂವದೆ ತಾಪಗೊಂಡ ಗೆಳತಿಗಾಗಿ ಕೊಂಡೊಯ್ಯುವುದು ಇದರ ಲೇಪವನ್ನೇ. (ಆ ತಾಪ ಬಿಸಿಲಿನದಲ್ಲವೆಂಬುದು ಬೇರೆಯ ಮಾತು.) ತಮಿಳಿನ ವೆಟ್ಟಿವೇರ್ ಎಂಬ ಹೆಸರನ್ನು ಫ್ರೆಂಚರು ಬಾಯಿಗೆ ಹೊಂದಿಸಿಕೊಂಡು ವೆಟಿವೇರ್ ಎಂದರು. 1957ರಲ್ಲಿ ಕಾರ್ವೆನ್, 1959ರಲ್ಲಿ ಗೆರ್ಲೆನ್ ಎಂಬ ಪ್ಯಾರಿಸಿನ ಸಂಸ್ಥೆಗಳು ಅದೇ ಹೆಸರಿನ ಸುಗಂಧಗಳನ್ನು ಹೊರತಂದುವು. ನಮ್ಮ ಅಜ್ಜಿಯರ ಪೆಟ್ಟಿಗೆಯ ಬೇರು ಅಲ್ಲಿನ ಗೃಹಸ್ಥರ ಕತ್ತಿನಪಟ್ಟಿಯನ್ನು ಏರಿದುದು ಹೀಗೆ.

ಒಣಗಿದ ಬೇರು ಬಹುಮಟ್ಟಿಗೆ ಮೌನಿ. ನೀರು ಚಿಮುಕಿಸಿದೊಡನೆ ಮಾತನಾಡತೊಡಗುತ್ತದೆ. ಅದರ ತೈಲ ಮಂದ. ತೈಲದ ಅಣುಗಳು ಭಾರವಾದುವಾಗಿ, ಆವಿಯಾಗುವ ಆತುರ ಅವಕ್ಕಿಲ್ಲ. ಕನೌಜದ ಅತ್ತರುಗಾರರು ತಾಮ್ರದ ಹಂಡೆಯಲ್ಲಿ ಬೇರನ್ನು ಹಲವು ಗಂಟೆಗಳ ಕಾಲ ಕುದಿಸಿ ಭಟ್ಟಿ ಇಳಿಸಬೇಕಾಗುವುದು ಇದರಿಂದಲೇ. 100 ಕಿಲೋ ಬೇರಿಗೆ ಒಂದು ಕಿಲೋ ತೈಲ ದೊರೆತರೆ ಅವರಿಗೆ ತೃಪ್ತಿ. ಅಲ್ಲಿನ ತೈಲಕ್ಕೆ ಬರುವ ಹಸಿರು ಛಾಯೆ ತಾಮ್ರದ ಕೊಡುಗೆ. ಬೇರಿನ ಬಣ್ಣ ಹಳದಿ ಬೆರೆತ ಕಂದು. ಶರಬತ್ತಿನ ಗಿಳಿಹಸಿರಂತೂ ಬಣ್ಣದ ಡಬ್ಬಿಯದು.

ಭಟ್ಟಿಯಲ್ಲಿ ತೋರಿದ ಈ ನಿಧಾನವೇ ಮೈಮೇಲೂ ತೋರುತ್ತದೆ. ಬೆಳಗ್ಗೆ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಿ ನೋಡಿರಿ. ಮೊದಲು ಬರುವುದು ಹಸಿ ವಾಸನೆ: ಆಗತಾನೆ ಕೊಯ್ದ ಹುಲ್ಲು, ಅದರ ಬುಡಕ್ಕಂಟಿದ ಒದ್ದೆ ಮಣ್ಣು. ಹಲವರು ಮೂಗು ಮುರಿದು ಸೀಸೆಯನ್ನು ಹಿಂದಿರುಗಿಸುವುದು ಈ ಘಟ್ಟದಲ್ಲಿಯೇ. ಅರ್ಧ ಗಂಟೆ ಕಾದರೆ ಮಣ್ಣು ಒಣಗತೊಡಗುತ್ತದೆ. ಹಸಿರು ಉಳಿದು ತಂಪಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹುಲ್ಲು ಸರಿದು ಮರ ಕಾಣಿಸಿಕೊಳ್ಳುತ್ತದೆ: ಹಳೆಯ ತೊಲೆಯಂತೆ ಒಣಗಿದ, ತುಸು ಹೊಗೆ ಹಿಡಿದ ಗಂಧ. ಸಂಜೆಗೆ ಅದೂ ಮೃದುವಾಗಿ ತೋಳಿನಲ್ಲಿ ಉಳಿದಿರುತ್ತದೆ. ಅಂಗಿಗೆ ತಗಲಿದುದು ಮರುದಿನವೂ ಹೋಗಿರುವುದಿಲ್ಲ. ಶ್ರೀಗಂಧದಲ್ಲಿ ಈ ಏರಿಳಿತವಿಲ್ಲ, ಮಲ್ಲಿಗೆಯಲ್ಲಿ ಈ ಸಂಯಮವಿಲ್ಲ. ನನ್ನ ಮತ ಲಾವಂಚಕ್ಕೆ.

ಆದುದರಿಂದ ಕೊಳ್ಳುವ ಮೊದಲು ಕಾಗದದ ತುಂಡಿಗೆ ಒಂದು ತೊಟ್ಟು ಹಾಕಿಸಿಕೊಂಡು ಮನೆಗೆ ಬನ್ನಿ. ಮಾರನೆಯ ಬೆಳಗ್ಗೆ ಅದರಲ್ಲಿ ಏನೂ ಉಳಿಯದಿದ್ದರೆ ಲಾವಂಚವಿದ್ದುದು ಸೀಸೆಯ ಹೆಸರುಚೀಟಿಯಲ್ಲಿ ಮಾತ್ರ. ಉಳಿದರೆ ಅಸಲೇ ಎಂಬ ಖಾತರಿಯೇನೂ ಇಲ್ಲ. ಆದರೂ ಅರ್ಧ ಪರೀಕ್ಷೆ ಮುಗಿಯಿತು.

ಇನ್ನೊಂದು ಎಚ್ಚರ. ಎಡೆಬಿಡದೆ ಬರುವ ವಾಸನೆಯನ್ನು ಮೂಗು ಬೇಗನೆ ಮರೆತುಬಿಡುತ್ತದೆ. ಹಚ್ಚಿಕೊಂಡವನು ಮಧ್ಯಾಹ್ನಕ್ಕೆ “ಎಲ್ಲ ಹಾರಿಹೋಯಿತು” ಎಂದು ಮತ್ತೆರಡು ತೊಟ್ಟು ಸುರಿದುಕೊಳ್ಳುತ್ತಾನೆ. ಸಂಜೆ ಬಸ್ಸಿನಲ್ಲಿ ಪಕ್ಕದವನು ಕಿಟಕಿ ತೆರೆದಾಗ ಗಾಳಿಗೆಂದೇ ತಿಳಿಯುತ್ತಾನೆ. ಲಾವಂಚ ಇದೆಯೋ ಹೋಗಿದೆಯೋ ಎಂದು ತನ್ನ ಮೂಗನ್ನು ಕೇಳುವುದಕ್ಕಿಂತ, ಆಗಷ್ಟೇ ಹೊರಗಿನಿಂದ ಒಳಬಂದ ಮನೆಯವರನ್ನು ಕೇಳುವುದು ಲೇಸು. ಮಕ್ಕಳಾದರೆ ಕೇಳಬೇಕಾಗಿಯೂ ಇಲ್ಲ, ಹೊಸ್ತಿಲಲ್ಲೇ ಹೇಳಿಬಿಡುತ್ತವೆ.